ಮನಸ್ಸಿಗೆ ನಾವೇ ಹೇಳಬೇಕಾದ ಮಾತು
(ಶ್ರೀ ಜಗನ್ನಾಥದಾಸಾರ್ಯರ ಆರಾಧನೆಯ ಸಂದರ್ಭದಲ್ಲಿ)



ಬೆಳಗಿನ ಹೊತ್ತು ಯಲಹಂಕದಿಂದ ಮೆಜೆಸ್ಟಿಕ್ಕಿಗೆ ಹೊರಟ ಬಸ್ಸು ಹೆಬ್ಬಾಳದ ಮೇಲುಸೇತುವೆಯ ಬಳಿ ಬಂದು ನಿಂತುಬಿಡುತ್ತದೆ. ಒಳಗಿರುವ ಐವತ್ತು ಅರವತ್ತು ಮಂದಿಯಲ್ಲಿ ಬಾಯಿಬಿಟ್ಟು ಮಾತನಾಡುವವರು ನಾಲ್ಕೈದು ಜನ. ಉಳಿದವರು ಸುಮ್ಮನಿದ್ದಾರೆಂದು ತೋರುತ್ತದೆ. ಆದರೆ ಸುಮ್ಮನಿರುವವರು ಒಬ್ಬರೂ ಇಲ್ಲ. ಪ್ರತಿಯೊಬ್ಬರ ಒಳಗೂ ಒಂದು ಧ್ವನಿ ಎಡೆಬಿಡದೆ ನುಡಿಯುತ್ತಲೇ ಇರುತ್ತದೆ. ಅದು ಕೇಳುವುದು ಅವರೊಬ್ಬರಿಗೆ, ಮತ್ತು ಹೃದಯಗುಹೆಯಲ್ಲಿ ಸಾಕ್ಷಿಯಾಗಿ ನಿಂತಿರುವ ಬಿಂಬರೂಪಿ ಪರಮಾತ್ಮನಿಗೆ.

ಆ ಧ್ವನಿ ಆಡುವ ಮಾತುಗಳನ್ನು ಯಾರಾದರೂ ಕುಳಿತು ಬರೆದುಕೊಂಡು ನಮಗೇ ಓದಿ ಹೇಳಿದರೆ ನಾವು ತಲೆ ತಗ್ಗಿಸಬೇಕಾದೀತು. ‘ಇದು ನಿನ್ನಿಂದ ಆಗುವ ಕೆಲಸವಲ್ಲ’, ‘ಈ ವಯಸ್ಸಿನಲ್ಲಿ ಇನ್ನೇನು ಕಲಿಯುವುದು’, ‘ಅವನಿಗಾದರೆ ಹಿಂದೆ ಮುಂದೆ ಜನವಿದೆ, ನನಗೆ ಯಾರಿದ್ದಾರೆ’, ‘ಏಕಾದಶಿ ಮುಗಿಯಲಿ, ಆಮೇಲೆ ನೋಡೋಣ’. ಹಗೆಯಾದವನೂ ಎದುರು ನಿಂತು ಆಡಲು ಹಿಂಜರಿಯುವ ಮಾತುಗಳನ್ನು ನಾವು ನಮಗೇ ದಿನವಿಡೀ ಆಡಿಕೊಳ್ಳುತ್ತೇವೆ. ಬೇರೆ ಕೆಲವು ದಿನ, ಹಣಕ್ಕಾಗಿ ಹೊಗಳುವವನೂ ಆಡಲು ನಾಚುವಂಥ ಮುಖಸ್ತುತಿಯನ್ನು ಅದೇ ಧ್ವನಿಯಿಂದ ಕೇಳಿ ಉಬ್ಬುತ್ತೇವೆ. ಎರಡರಿಂದಲೂ ಕಾಲು ಮುಂದಕ್ಕೆ ಹೋಗುವುದಿಲ್ಲ.

ಈಚಿನ ದಿನಗಳಲ್ಲಿ ಇದಕ್ಕೊಂದು ವಿದ್ಯೆಯೇ ಹುಟ್ಟಿಕೊಂಡಿದೆ. ನಾಗವಾರ, ಹೆಬ್ಬಾಳದ ಕಡೆಯ ದೊಡ್ಡ ದೊಡ್ಡ ಕಂಪನಿಗಳಲ್ಲಿ ದುಡಿಯುವ ನಮ್ಮ ಮಕ್ಕಳನ್ನು ಕೇಳಿದರೆ ಹೇಳುತ್ತಾರೆ: ತರಬೇತುದಾರರು ಬಂದು, ‘ನಿನಗೆ ನೀನೇ ಕೋಚ್ ಆಗು, ನಿನ್ನ ಅಡ್ಡಿಯನ್ನು ನೀನೇ ಗುರುತಿಸು, ನಿನ್ನೊಡನೆ ನೀನೇ ಮಾತನಾಡಿ ಮುಂದೆ ಸಾಗು’ ಎಂದು ಕಲಿಸಿಕೊಡುತ್ತಾರಂತೆ. ಇದನ್ನು ನಾವು ಹಗುರವಾಗಿ ಕಾಣಬೇಕಾಗಿಲ್ಲ. ನಮ್ಮ ದಾಸವರೇಣ್ಯರು ಮನಸ್ಸನ್ನು ಎದುರಿಗೆ ಕೂರಿಸಿಕೊಂಡು, ಹೆಸರು ಹಿಡಿದು ಕರೆದು, ಬೈದು, ಬೇಡಿ, ಮುದ್ದಿಸಿ ಹೇಳಿದ ಪದಗಳು ನೂರಾರು ಇವೆ. ಅದಕ್ಕೆ ಹಿರಿಯರು ಇಟ್ಟ ಹೆಸರು ಮನೋಬೋಧೆ. ಆದರೆ ತರಬೇತುದಾರರು ಹೇಳುವುದೂ ದಾಸರು ಮಾಡಿದ್ದೂ ಪೂರ್ತಿ ಒಂದೇ ಅಲ್ಲ. ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದನ್ನು ಭಾದ್ರಪದ ಶುದ್ಧ ನವಮಿಯಂದು ಯಾರ ಆರಾಧನೆಯೋ ಆ ಶ್ರೀ ಜಗನ್ನಾಥದಾಸಾರ್ಯರ ಚರಿತ್ರೆಯನ್ನು ಮುಂದಿಟ್ಟುಕೊಂಡು ಸ್ವಲ್ಪ ವಿಚಾರ ಮಾಡೋಣ.

ಮೊದಲು ಒಂದು ಶಂಕೆಯನ್ನು ಬಗೆಹರಿಸಿಕೊಳ್ಳಬೇಕು. ಗೀತೆಯ ಆರನೆಯ ಅಧ್ಯಾಯದಲ್ಲಿ ಭಗವಂತನು ಮನಸ್ಸೇ ಬಂಧು, ಮನಸ್ಸೇ ಶತ್ರು ಎಂದು ತಿಳಿಸಿ, ತನ್ನನ್ನು ತಾನು ಮೇಲೆತ್ತಿಕೊಳ್ಳಬೇಕು, ಕುಗ್ಗಿಸಿಕೊಳ್ಳಬಾರದು ಎಂದು ಅರ್ಜುನನಿಗೆ ಉಪದೇಶಿಸುತ್ತಾನೆ. ನಮ್ಮ ಸಿದ್ಧಾಂತದಲ್ಲಾದರೋ ಶ್ರೀಹರಿಯೊಬ್ಬನೇ ಸ್ವತಂತ್ರನು, ಜೀವನು ಅಸ್ವತಂತ್ರನು. ಹೀಗಿರುವಲ್ಲಿ ಮೇಲೆತ್ತುವವನು ಯಾರು, ಎತ್ತಿಸಿಕೊಳ್ಳುವವನು ಯಾರು? ‘ಎಲ್ಲವೂ ಅವನ ಇಚ್ಛೆ, ನಾವೇನು ಮಾಡಲಾದೀತು’ ಎಂದು ಕೈಕಟ್ಟಿ ಕೂರುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಸೋಮಾರಿತನಕ್ಕೆ ಸಿದ್ಧಾಂತದ ಮಡಿಬಟ್ಟೆ ಉಡಿಸುವ ಈ ಮಾತು ಶ್ರೀಮದಾಚಾರ್ಯರ ಮಾತಲ್ಲ.

ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಬಡಗಿಯ ದೃಷ್ಟಾಂತವೊಂದು ಬರುತ್ತದೆ. ಮನೆಯ ಯಜಮಾನನು ಹೇಳಿದ್ದರಿಂದ ಬಡಗಿಯು ಕೆಲಸ ಮಾಡುತ್ತಾನೆ. ಮರವೂ ಯಜಮಾನನದು, ಬಾಗಿಲು ಎಲ್ಲಿ ನಿಲ್ಲಬೇಕೆಂಬ ತೀರ್ಮಾನವೂ ಅವನದು. ಆದರೂ ಬಾಚಿ ಹಿಡಿದ ಕೈ ಬಡಗಿಯದೇ. ಬೇರೆಯವನಿಂದ ಪ್ರೇರಿತನಾಗಿರುವುದು, ತಾನೇ ಮಾಡುವವನಾಗಿರುವುದು, ಎರಡೂ ಅವನಲ್ಲಿ ಏಕಕಾಲಕ್ಕೆ ನಿಜ. ಜೀವನ ಕರ್ತೃತ್ವವೂ ಹೀಗೆಯೇ ಎಂದು ಶ್ರೀಮದಾಚಾರ್ಯರು ಭಾಷ್ಯದಲ್ಲಿ ನಿರ್ಣಯಿಸಿದ್ದಾರೆ. ಇದನ್ನೇ ನಮ್ಮವರು ದತ್ತಸ್ವಾತಂತ್ರ್ಯವೆಂದು ಕರೆದರು. ಹರಿಕಥಾಮೃತಸಾರದಲ್ಲಿ ಈ ಹೆಸರಿನ ಸಂಧಿಯೇ ಒಂದಿದೆ. ಮನೆಯ ಹಿರಿಯರು ಪಟ್ಟಣದಲ್ಲಿ ಓದುವ ಮಗನಿಗೆ ತಿಂಗಳ ಖರ್ಚಿಗೆಂದು ಹಣ ಕಳುಹಿಸುತ್ತಾರೆ. ಹಣ ಮಗನ ಸಂಪಾದನೆಯಲ್ಲ; ಆದರೆ ಅದನ್ನು ಪುಸ್ತಕಕ್ಕೆ ಹಾಕಿದನೋ ಸಿನಿಮಾಕ್ಕೆ ಹಾಕಿದನೋ ಎಂಬ ಲೆಕ್ಕವನ್ನು ಅವನೇ ಒಪ್ಪಿಸಬೇಕು. ಮನಸ್ಸಿಗೆ ಬುದ್ಧಿ ಹೇಳುವ ಶಕ್ತಿಯೂ ಹೀಗೆ ನಮಗೆ ಕಳುಹಿಸಿಕೊಟ್ಟ ಹಣ. ಖರ್ಚು ಮಾಡದೆ ಇಟ್ಟುಕೊಂಡರೂ ಲೆಕ್ಕ ತಪ್ಪಿದ್ದಲ್ಲ.

ಇನ್ನು ದಾಸರ ಚರಿತ್ರೆಗೆ ಬರೋಣ.

ಇಂದಿನ ರಾಯಚೂರು ಜಿಲ್ಲೆಯ ಮಾನವಿ ತಾಲೂಕಿನ ಬ್ಯಾಗವಾಟವೆಂಬ ಗ್ರಾಮದಲ್ಲಿ 1728ರ ಸುಮಾರಿಗೆ ದಾಸರು ಜನಿಸಿದರು. ಪೂರ್ವಾಶ್ರಮದ ಹೆಸರು ಶ್ರೀನಿವಾಸಾಚಾರ್ಯ. ಶ್ರೀ ರಾಘವೇಂದ್ರಸ್ವಾಮಿಗಳ ಮಠದ ಪರಂಪರೆಯಲ್ಲಿ ಬಂದ ಶ್ರೀ ವರದೇಂದ್ರತೀರ್ಥರಲ್ಲಿ ಶಾಸ್ತ್ರಾಧ್ಯಯನ ಮಾಡಿ, ಚಿಕ್ಕ ವಯಸ್ಸಿನಲ್ಲೇ ಸಂಸ್ಕೃತದಲ್ಲಿ ಘನ ಪಾಂಡಿತ್ಯವನ್ನು ಗಳಿಸಿ, ತಾವೇ ಶಿಷ್ಯರಿಗೆ ಪಾಠ ಹೇಳುವಷ್ಟಾದರು. ಆ ಕಾಲದಲ್ಲಿ ಶ್ರೀ ವಿಜಯದಾಸರು ಊರೂರು ಸಂಚರಿಸುತ್ತ, ಕನ್ನಡ ಪದ ಸುಳಾದಿಗಳ ಮೂಲಕ ತತ್ತ್ವವನ್ನು ಮನೆಮನೆಗೆ ಮುಟ್ಟಿಸುತ್ತಿದ್ದರು. ಪಂಡಿತರಿಗೆ ಇದು ಸಹಿಸದು. ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು, ಗೃಹಿಣಿಯರಿಗೂ ರೈತರಿಗೂ ತಿಳಿಯುವ ಮಾತಿನಲ್ಲಿ ಹಾಡಿದರೆ ಅದು ಶಾಸ್ತ್ರವಾದೀತೇ ಎಂಬ ತಾತ್ಸಾರ. ಶ್ರೀನಿವಾಸಾಚಾರ್ಯರಲ್ಲಿಯೂ ಈ ತಾತ್ಸಾರ ಬಲವಾಗಿತ್ತು.

ವಿಜಯದಾಸರು ಮಾನವಿಗೆ ಬಂದಾಗ ಪೂಜೆ, ಬ್ರಾಹ್ಮಣ ಸಂತರ್ಪಣೆ ಏರ್ಪಟ್ಟು, ಶ್ರೀನಿವಾಸಾಚಾರ್ಯರಿಗೂ ಕರೆ ಹೋಯಿತು. ಭಜನೆ ಕೀರ್ತನೆಗಳೆಲ್ಲ ಮುಗಿದು ಎಲೆ ಹಾಕುವಾಗ ಹೊತ್ತು ಮೀರುತ್ತದೆ. ಜೊತೆಗೆ ಆ ಪಂಕ್ತಿಯಲ್ಲಿ ಕುಳಿತುಕೊಳ್ಳಲು ಮನಸ್ಸೂ ಇಲ್ಲ. ‘ನನಗೆ ಹೊಟ್ಟೆನೋವು, ಹೊತ್ತು ಮೀರಿ ಊಟ ಮಾಡುವಂತಿಲ್ಲ’ ಎಂದು ಹೇಳಿ ಕಳುಹಿಸಿದರು. ಹಾಗೆಯೇ ಆಗಲಿ ಎಂದು ವಿಜಯದಾಸರು ಸುಮ್ಮನಾದರು. ನೆಪವಾಗಿ ಹೇಳಿದ ಹೊಟ್ಟೆನೋವು ನಿಜವಾಗಿ ಬಂದಿತು, ಬಂದದ್ದು ಬಿಡಲಿಲ್ಲ. ಔಷಧ, ಸೇವೆ ಎಲ್ಲ ನಡೆದವು. ಕಡೆಗೆ ಮಂತ್ರಾಲಯದಲ್ಲಿ ರಾಯರ ಸೇವೆ ಮಾಡಿದಾಗ, ಯಾರಲ್ಲಿ ಅಪರಾಧವಾಗಿದೆಯೋ ಅಲ್ಲಿಗೇ ಹೋಗಬೇಕೆಂದು ಸ್ವಪ್ನದಲ್ಲಿ ಸೂಚನೆಯಾಯಿತೆಂದು ಸಂಪ್ರದಾಯದಲ್ಲಿ ಹೇಳುತ್ತಾರೆ.

ಈ ಕಥೆಯನ್ನು ಹರಿದಾಸನಿಂದೆಯ ಫಲವೆಂದಷ್ಟೇ ಹೇಳಿ ಮುಗಿಸುವುದು ವಾಡಿಕೆ. ಹಾಗೆ ಮುಗಿಸಿದರೆ ನಮಗೆ ಹತ್ತಿರದ ಒಂದು ಅಂಶ ಕೈತಪ್ಪುತ್ತದೆ. ಶ್ರೀನಿವಾಸಾಚಾರ್ಯರಿಗೆ ಜ್ಞಾನದ ಕೊರತೆಯಿತ್ತೇ? ತಾರತಮ್ಯ, ಭಕ್ತಿ, ಭಾಗವತರ ಮಹಿಮೆ ಇವನ್ನೆಲ್ಲ ಶಿಷ್ಯರಿಗೆ ಪಾಠ ಹೇಳುತ್ತಿದ್ದವರು ಅವರು. ಅದೇ ಪಾಠವನ್ನು ತಮ್ಮ ಮನಸ್ಸಿಗೆ ಹೇಳುವ ಸಂದರ್ಭ ಬಂದಾಗ ಮಾತ್ರ ನಾಲಗೆ ಏಳಲಿಲ್ಲ. ಅದರ ಬದಲಿಗೆ ಒಂದು ನೆಪ ಎದ್ದಿತು. ‘ನನಗೆ ಇವರ ಬಗ್ಗೆ ತಾತ್ಸಾರವಿದೆ’ ಎಂಬ ನಿಜವನ್ನು ತಮಗೆ ತಾವೇ ಹೇಳಿಕೊಂಡಿದ್ದರೆ ಅಂದೇ ಅರ್ಧ ದಾರಿ ಸವೆಯುತ್ತಿತ್ತು. ನೆಪವು ಎದುರಿಗಿರುವವನನ್ನು ಮೋಸಗೊಳಿಸುವುದು ಕಡಿಮೆ. ಹೇಳುವವನನ್ನೇ ಅದು ಮೊದಲು ನಂಬಿಸುತ್ತದೆ. ಗಣಿತ ಬಾರದೆಂದು ಹತ್ತು ಸಲ ಹೇಳಿಕೊಂಡ ಹುಡುಗನಿಗೆ ಹನ್ನೊಂದನೆಯ ಸಲ ನಿಜವಾಗಿಯೂ ಬರುವುದಿಲ್ಲ. ಸಂಧ್ಯಾವಂದನೆಗೆ ಸಮಯವಿಲ್ಲವೆಂದು ಹೇಳುತ್ತ ಬಂದವನಿಗೆ ನಿವೃತ್ತನಾದ ಮೇಲೂ ಸಮಯ ಸಿಗುವುದಿಲ್ಲ.

(ಇಲ್ಲಿ ಒಂದು ಮಾತು. ಹೊಟ್ಟೆನೋವು ಬಂದವರೆಲ್ಲ ದಾಸನಿಂದಕರೆಂದು ಯಾರೂ ತಿಳಿಯಬಾರದು. ನೆರೆಮನೆಯವರ ಕಾಯಿಲೆಗೆ ಪಾಪದ ಕಾರಣ ಹುಡುಕಿಕೊಡುವ ಚಟ ನಮ್ಮಲ್ಲಿ ಕೆಲವರಿಗಿದೆ. ನೋವು ಬಂದರೆ ಮೊದಲು ವೈದ್ಯರಲ್ಲಿಗೆ ಹೋಗುವುದು ಧರ್ಮ.)

ವಿಜಯದಾಸರಲ್ಲಿಗೆ ಹೋದಾಗ ಅವರು ತಾವೇ ಪರಿಹಾರ ಮಾಡದೆ, ಉತ್ತನೂರಿನಲ್ಲಿದ್ದ ತಮ್ಮ ಶಿಷ್ಯ ಗೋಪಾಲದಾಸರಲ್ಲಿಗೆ ಕಳುಹಿಸಿದರು. ಇದನ್ನು ಸ್ವಲ್ಪ ನಿಂತು ನೋಡಬೇಕು. ಗುರುವಿನ ಕಾಲಿಗೆ ಬೀಳುವುದು ಪಂಡಿತನಿಗೆ ಅಷ್ಟು ಕಷ್ಟವಲ್ಲ. ಗುರುವಿನ ವಯಸ್ಸು, ಕೀರ್ತಿ ಅದನ್ನು ಸುಲಭಗೊಳಿಸುತ್ತವೆ. ಗೋಪಾಲದಾಸರಾದರೋ ಸುಮಾರಾಗಿ ಶ್ರೀನಿವಾಸಾಚಾರ್ಯರ ವಯಸ್ಸಿನವರೇ, ಐದಾರು ವರ್ಷ ದೊಡ್ಡವರಿದ್ದಾರು. ಸರಿಸಮಾನ ವಯಸ್ಸಿನವನ ಮನೆಯ ಬಾಗಿಲಿಗೆ ರೋಗಿಯಾಗಿ ಹೋಗಿ ನಿಲ್ಲುವುದು, ಅದೂ ಯಾವ ಕನ್ನಡದ ಪದಗಳನ್ನು ಹೀಗಳೆದಿದ್ದೆವೋ ಆ ಪದಗಳನ್ನು ಹಾಡುವವನಲ್ಲಿಗೆ! ಮಾನವಿಯಿಂದ ಉತ್ತನೂರಿಗೆ ಅಂದಿನ ಗಾಡಿದಾರಿಯಲ್ಲಿ ಎಷ್ಟು ದಿನ ಹಿಡಿಯಿತೋ. ಆ ದಾರಿಯುದ್ದಕ್ಕೂ ಆಚಾರ್ಯರು ತಮ್ಮ ಮನಸ್ಸಿಗೆ ಏನು ಹೇಳಿಕೊಂಡಿದ್ದಾರೆಂಬುದನ್ನು ಯಾವ ಚರಿತ್ರಕಾರನೂ ಬರೆದಿಲ್ಲ. ಆದರೆ ಹೇಳಿಕೊಂಡಿರಲೇಬೇಕು. ಇಲ್ಲವಾದರೆ ಮಧ್ಯದಾರಿಯಲ್ಲಿ ಗಾಡಿ ಹಿಂದಿರುಗುತ್ತಿತ್ತು. ಮನೋಬೋಧೆಯ ಮೊದಲ ಪದವನ್ನು ಅವರು ಹಾಡದೆಯೇ ರಚಿಸಿದ್ದು ಆ ದಾರಿಯಲ್ಲಿ ಎಂದು ನಮಗೆ ತೋರುತ್ತದೆ.

ಗೋಪಾಲದಾಸರು ಧನ್ವಂತರಿಯನ್ನು ಪ್ರಾರ್ಥಿಸಿ, ಜೋಳದ ರೊಟ್ಟಿಯನ್ನು ಪ್ರಸಾದವಾಗಿ ಕೊಟ್ಟು, ಅದರೊಡನೆ ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಧಾರೆಯೆರೆದರೆಂದು ಪರಂಪರೆಯು ಸಾರುತ್ತದೆ. ಗೋಪಾಲದಾಸರು 1762ರಲ್ಲಿ, ನಲವತ್ತರ ಆಸುಪಾಸಿನ ವಯಸ್ಸಿನಲ್ಲಿ, ಹರಿಪಾದವನ್ನು ಸೇರಿದರು. ಇವರು 1809ರವರೆಗೆ, ಎಂಬತ್ತು ದಾಟುವ ತನಕ ಬಾಳಿದರು. ಬಳಿಕ ಪಂಢರಪುರಕ್ಕೆ ಹೋಗಿ ಚಂದ್ರಭಾಗೆಯಲ್ಲಿ ಮೀಯುವಾಗ ‘ಜಗನ್ನಾಥವಿಠಲ’ ಎಂಬ ಅಂಕಿತವಿದ್ದ ಶಿಲೆ ದೊರೆಯಿತೆನ್ನುತ್ತಾರೆ. ಸಂಸ್ಕೃತವಲ್ಲದೆ ಬೇರೆ ಮಾತಿನಲ್ಲಿ ತತ್ತ್ವವನ್ನು ಹೇಳಬಾರದೆಂದಿದ್ದ ಪಂಡಿತರು ಕುಮಾರವ್ಯಾಸನು ಭಾರತವನ್ನು ಹಾಡಿದ ಭಾಮಿನಿ ಷಟ್ಪದಿಯಲ್ಲೇ ಹರಿಕಥಾಮೃತಸಾರದ 32 ಸಂಧಿಗಳನ್ನು ರಚಿಸಿದರು. ಫಲಸ್ತುತಿಯ ಸಂಧಿಯೊಂದನ್ನು ಅವರ ಶಿಷ್ಯರಾದ ಶ್ರೀದವಿಠಲರು ಸೇರಿಸಿದರು.

ಮತ್ತೊಂದು ಸಂಗತಿಯನ್ನು ಪಾರಾಯಣ ಮಾಡುವವರೂ ಎಷ್ಟೋ ಸಲ ಗಮನಿಸುವುದಿಲ್ಲ. ಆ ಗ್ರಂಥದಲ್ಲಿ ಕರುಣಾಸಂಧಿ, ವ್ಯಾಪ್ತಿಸಂಧಿಗಳ ತರುವಾಯ ಬರುವುದು ಭೋಜನರಸವಿಭಾಗ ಸಂಧಿ. ಎಲೆಯ ಮೇಲೆ ಬಡಿಸಿದ ಒಂದೊಂದು ಪದಾರ್ಥದಲ್ಲಿ ಭಗವಂತನ ಯಾವ ರೂಪ, ಯಾವ ದೇವತೆಯ ಸನ್ನಿಧಾನವೆಂದು ತಿಳಿದು ಉಣ್ಣುವ ಬಗೆಯನ್ನು ಅಲ್ಲಿ ಹೇಳಿದೆ. ಪಂಕ್ತಿಯ ಊಟವನ್ನು ನೆಪ ಹೇಳಿ ತಪ್ಪಿಸಿಕೊಂಡವರು ಯಾರೋ ಅವರೇ ಊಟವನ್ನು ಪೂಜೆಯೆಂದು ಕಾಣಿಸಿದರು. ಮುಗ್ಗರಿಸಿದ ಸ್ಥಳವನ್ನು ಬಿಟ್ಟು ಬಳಸಿ ಹೋಗದೆ, ಅಲ್ಲಿಯೇ ಮೆಟ್ಟಿಲು ಕಟ್ಟಿದಂತಾಯಿತು. ಅಡ್ಡಿಯನ್ನು ದಾಟುವುದೆಂದರೆ ಏನೆಂದು ನಮ್ಮನ್ನು ಯಾರಾದರೂ ಕೇಳಿದರೆ ಈ ಸಂಧಿಯನ್ನು ತೋರಿಸುತ್ತೇವೆ.

ಇನ್ನು ದಾಸರು ಮನಸ್ಸಿಗೆ ಹೇಳುತ್ತಿದ್ದ ಕ್ರಮ ಎಂಥದು? ಯಲಹಂಕದ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆಗೆ ಬುನಾದಿ ಹಾಕಿಸಿದ ಕಾಲಕ್ಕೆ ವಿಜಯನಗರದಲ್ಲಿ ಶ್ರೀ ವ್ಯಾಸರಾಜರು ಇನ್ನೂ ಇದ್ದರು. 1539ರಲ್ಲಿ ಅವರು ಆನೆಗೊಂದಿಯ ನವವೃಂದಾವನದಲ್ಲಿ ವೃಂದಾವನಸ್ಥರಾದರು. ಅವರ ಶಿಷ್ಯರಾದ ಪುರಂದರದಾಸರು 1564ರವರೆಗೆ ಇದ್ದರು. ವ್ಯಾಪಾರದಲ್ಲಿ ಪಳಗಿದ ಶ್ರೀನಿವಾಸನಾಯಕರ ಮೂಗುತಿಯ ಕಥೆ ಎಲ್ಲರಿಗೂ ತಿಳಿದದ್ದೇ ಆದುದರಿಂದ ವಿಸ್ತರಿಸುವುದಿಲ್ಲ. ಗಮನಿಸಬೇಕಾದದ್ದು ಇಷ್ಟು: ಅವರು ಮನಸ್ಸಿಗೆ ಹೇಳುವಾಗ ವ್ಯಾಪಾರಿಯ ಮಾತಿನಲ್ಲೇ ಹೇಳಿದರು. ಸರಕು, ಸಾಲ, ಲಾಭ, ತೂಕ, ಸಕ್ಕರೆ, ಪಾಯಸ ಎಂದು ಮನಸ್ಸಿಗೆ ಪರಿಚಯವಿದ್ದ ಪದಗಳನ್ನೇ ಹಿಡಿದರು. ಯುದ್ಧ ಮಾಡುವವನ ಮನಸ್ಸಿಗೆ ಕುದುರೆಯ ಮಾತು ಹಿಡಿಯುತ್ತದೆ, ಅಡಿಗೆ ಮಾಡುವವರ ಮನಸ್ಸಿಗೆ ಒಲೆಯ ಮಾತು ಹಿಡಿಯುತ್ತದೆ. ಒಳಗಿನ ಧ್ವನಿ ನಮ್ಮನ್ನು ಹೀಗಳೆಯುವುದು ಮನೆಮಾತಿನಲ್ಲಿ. ಅದಕ್ಕೆ ಉತ್ತರವನ್ನು ಪುಸ್ತಕದ ಭಾಷೆಯಲ್ಲಿ ಕೊಟ್ಟರೆ ಅದು ಕೇಳಿಸಿಕೊಳ್ಳುವುದಿಲ್ಲ. ಕನ್ನಡದಲ್ಲಿ ಹಾಡಿದ್ದು ಪಾಮರರಿಗಾಗಿ ಎಂದು ಪಂಡಿತರು ಹೇಳುತ್ತಾರೆ. ನಮಗನ್ನಿಸುವುದೆಂದರೆ, ಅದು ದಾಸರ ಸ್ವಂತ ಮನಸ್ಸಿಗಾಗಿಯೂ ಹೌದು.

ಆಜ್ಞಾರೂಪವಾಗಿ ಹೇಳುವುದು ಇನ್ನೊಂದು ಕ್ರಮ. ನೈವೇದ್ಯದ ಹೊತ್ತಿನಲ್ಲಿ ನಾವು ಹೇಳುವ ದ್ವಾದಶಸ್ತೋತ್ರದ ಮೂರನೆಯ ಅಧ್ಯಾಯವನ್ನು ಆಚಾರ್ಯರು ‘ಮಾಡು’ ಎಂಬರ್ಥದ ಕ್ರಿಯಾಪದದಿಂದಲೇ ಆರಂಭಿಸಿದ್ದಾರೆ. ನಿನಗೆ ವಿಧಿಸಿದ ಕರ್ಮವನ್ನು ಮಾಡು, ಅದರ ಫಲವನ್ನು ಉಣ್ಣು, ಬುದ್ಧಿಯನ್ನು ಮಾತ್ರ ಹರಿಪಾದದಲ್ಲಿ ನಿಲ್ಲಿಸು ಎಂಬುದು ಅದರ ತಾತ್ಪರ್ಯ. ‘ಮಾಡಬಹುದಾಗಿತ್ತು’, ‘ಮಾಡಿದರೆ ಒಳ್ಳೆಯದಿತ್ತು’ ಎಂಬ ಅಳುಕಿನ ಸೋಂಕು ಅದರಲ್ಲಿಲ್ಲ. ಆದರೂ ಅದು ಗದರಿಕೆಯೂ ಅಲ್ಲ. ಮಾಡು ಎಂದ ಉಸಿರಿನಲ್ಲೇ ಉಣ್ಣು ಎಂದೂ ಹೇಳುತ್ತದೆ. ಮನಸ್ಸನ್ನು ಉಪವಾಸ ಕೆಡವಿ ದುಡಿಸುವುದು ನಮ್ಮ ಸಂಪ್ರದಾಯವಲ್ಲ.

ಈಗಿನ ತರಬೇತಿಗೂ ನಮ್ಮ ಹಿರಿಯರ ಕ್ರಮಕ್ಕೂ ಮುಖ್ಯವಾದ ಅಂತರವೊಂದು ಇಲ್ಲಿದೆ. ಮನಸ್ಸು ನಮ್ಮ ಆಸ್ತಿ, ಅದರೊಡನೆ ನಮ್ಮ ವ್ಯವಹಾರ ನೇರವಾದದ್ದು ಎಂದು ತರಬೇತುದಾರರು ತಿಳಿಯುತ್ತಾರೆ. ನಮ್ಮಲ್ಲಿ ಮನಸ್ಸೆಂಬ ತತ್ತ್ವಕ್ಕೆ ಅಭಿಮಾನಿದೇವತೆಗಳಿದ್ದಾರೆ, ಮನೋನಿಯಾಮಕರು ರುದ್ರದೇವರು. ಅವರನ್ನು ಪ್ರಾರ್ಥಿಸಿ, ಅವರ ಅಂತರ್ಯಾಮಿಯಾದ ಮುಖ್ಯಪ್ರಾಣನನ್ನೂ ಅವನ ಅಂತರ್ಯಾಮಿಯಾದ ಶ್ರೀಹರಿಯನ್ನೂ ನೆನೆದು, ಆಮೇಲೆ ಮನಸ್ಸಿಗೆ ಮಾತು. ಮನಸ್ಸು ಕೇಳಲಿಲ್ಲವೆಂದರೆ ನಾವು ಒಂಟಿಯಾಗಿ ಸೋತೆವೆಂಬ ಭಾವನೆಗೆ ಇಲ್ಲಿ ಎಡೆಯಿಲ್ಲ. ಮತ್ತೆ ಹೋಗಿ ಬೇಡಿಕೊಳ್ಳಲು ಒಂದು ಬಾಗಿಲಿದೆ. ಅರ್ಜುನನೂ ಗಾಳಿಯಂತಿರುವ ಮನಸ್ಸನ್ನು ಹಿಡಿಯುವುದು ಹೇಗೆಂದು ಭಗವಂತನನ್ನೇ ಕೇಳಿದನು. ಅಭ್ಯಾಸದಿಂದ, ವೈರಾಗ್ಯದಿಂದ ಎಂದು ಉತ್ತರ ಬಂದಿತು. ಅಭ್ಯಾಸವೆಂದ ಮೇಲೆ ಹಲವು ಸಲ ತಪ್ಪುವುದು ಅದರಲ್ಲಿ ಸೇರಿಯೇ ಇದೆ.

ನಮ್ಮ ಸುತ್ತಲಿನ ಒಂದು ಸಂಗತಿಯನ್ನೇ ತೆಗೆದುಕೊಳ್ಳೋಣ. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಕಾರ್ಖಾನೆ ಆರಂಭವಾಯಿತು, 1961ರಲ್ಲಿ ಅಲ್ಲಿ ಕೈಗಡಿಯಾರಗಳ ತಯಾರಿಕೆ ಶುರುವಾಯಿತು. ಯಶವಂತಪುರ, ಮತ್ತಿಕೆರೆ, ಜಾಲಹಳ್ಳಿಗಳಲ್ಲಿ ಎಷ್ಟೋ ಸಂಸಾರಗಳು ಆ ಕಾರ್ಖಾನೆಯ ಸೈರನ್ನಿಗೆ ಹೊಂದಿಕೊಂಡು ಏಳುತ್ತಿದ್ದವು, ಉಣ್ಣುತ್ತಿದ್ದವು. ಉಪನಯನವಾದ ವಟುವಿಗೂ ಮದುವೆಯಾದ ಅಳಿಯನಿಗೂ ಎಚ್.ಎಂ.ಟಿ. ಗಡಿಯಾರವೇ ಉಡುಗೊರೆ. ಕಾಲ ಬದಲಾಯಿತು. ಸ್ವಯಂನಿವೃತ್ತಿಗಳು ನಡೆದವು, 2016ರಲ್ಲಿ ಕೇಂದ್ರ ಸರ್ಕಾರವು ಕೈಗಡಿಯಾರದ ಕಂಪನಿಯನ್ನು ಮುಚ್ಚುವ ತೀರ್ಮಾನವನ್ನೇ ಕೈಗೊಂಡಿತು. ಕೂದಲೆಳೆಯಷ್ಟು ಸಣ್ಣ ಭಾಗವನ್ನು ಕಣ್ಣಳತೆಯಲ್ಲಿ ಕೂರಿಸಬಲ್ಲ ಕೈಯುಳ್ಳವನಿಗೆ ಒಂದು ದಿನ ಕಾಗದ ಬರುತ್ತದೆ: ಇನ್ನು ನೀವು ಬೇಕಾಗಿಲ್ಲ. ಮಗಳ ಮದುವೆ ಆಗಿಲ್ಲ, ಮನೆಯ ಸಾಲ ತೀರಿಲ್ಲ, ವಯಸ್ಸು ಐವತ್ತು ದಾಟಿದೆ. ಅಂಥ ಗೃಹಸ್ಥನು ರಾತ್ರಿ ಮಲಗಿದಾಗ ಒಳಗಿನ ಧ್ವನಿ ಏನು ಹೇಳೀತೆಂಬುದನ್ನು ವಿವರಿಸಬೇಕಾಗಿಲ್ಲ. ‘ನಿನ್ನದು ಮುಗಿಯಿತು’ ಎಂದೇ ಹೇಳುತ್ತದೆ.

ಇಂಥವನಿಗೆ ‘ನೀನು ಏನನ್ನಾದರೂ ಸಾಧಿಸಬಲ್ಲೆ’ ಎಂಬ ಘೋಷಣೆಯನ್ನು ಕನ್ನಡಿಯ ಮುಂದೆ ನಿಂತು ಹೇಳಿಕೊಳ್ಳೆಂದರೆ ಅವನು ನಗುತ್ತಾನೆ, ಇಲ್ಲವೇ ಅಳುತ್ತಾನೆ. ಅದು ಸುಳ್ಳೆಂದು ಅವನ ಮನಸ್ಸಿಗೆ ಗೊತ್ತು. ದಾಸರ ಕ್ರಮದಲ್ಲಾದರೆ ನಿಜದಿಂದ ಆರಂಭಿಸಬೇಕು. ‘ಮನವೇ, ಕೆಲಸ ಹೋಗಿದೆ, ನಿಜ. ನಿನಗೆ ಹೆದರಿಕೆಯಾಗಿದೆ, ಅದೂ ನಿಜ. ನೆರೆಯವರು ಕೇಳಿದರೆ ಏನು ಹೇಳಲೆಂದು ನಾಚಿ ನಾಲ್ಕು ದಿನದಿಂದ ಬೀದಿಗೆ ಇಳಿದಿಲ್ಲ. ಕೆಲಸ ಕೊಟ್ಟವನು ಕಾರ್ಖಾನೆಯ ಯಜಮಾನನೆಂದು ನೀನು ತಿಳಿದಿದ್ದೆ. ಕೈಗೆ ಆ ಕುಶಲತೆಯನ್ನು ಕೊಟ್ಟವನು ಬೇರೊಬ್ಬನಿದ್ದಾನೆ, ಅವನು ಅದನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ. ನಾಳೆ ಬೆಳಿಗ್ಗೆ ಸ್ನಾನ ಸಂಧ್ಯಾವಂದನೆ ಮುಗಿಸಿ, ಪೀಣ್ಯದ ಕಡೆಗೆ ಹೋಗಿ ಎರಡು ವರ್ಕ್‌ಶಾಪಿನಲ್ಲಿ ವಿಚಾರಿಸು. ಎರಡೇ ಸಾಕು.’ ಹೀಗೆ ದಿನಕ್ಕೆ ಒಂದಿಷ್ಟು, ಮನಸ್ಸು ಹೊರಲಾಗುವಷ್ಟೇ ಭಾರ. ಮನೆಮಂದಿಗೂ ಬಚ್ಚಿಡದೆ ಹೇಳಬೇಕು. ಹೆಂಡತಿಗೆ ಹೊಟ್ಟೆನೋವಿನ ನೆಪ ಹೇಳಿ ಊಟ ಬಿಟ್ಟು ಏಳಬಾರದು.

ಓದುವ ಮಕ್ಕಳ ವಿಷಯವೂ ಇದೇ. ಸಿ.ಇ.ಟಿ. ಫಲಿತಾಂಶ ಬಂದ ದಿನ ಯಲಹಂಕ ಉಪನಗರದ ಯಾವುದೋ ಮನೆಯಲ್ಲಿ ಒಬ್ಬ ಹುಡುಗ ಬಾಗಿಲು ಹಾಕಿಕೊಂಡು ಕುಳಿತಿರುತ್ತಾನೆ. ಹೊರಗೆ ತಂದೆ ತಾಯಿಗಳು ಪಕ್ಕದ ಮನೆಯ ಹುಡುಗನ ರ‍್ಯಾಂಕನ್ನು ಆಡಿಕೊಳ್ಳುತ್ತಿರುತ್ತಾರೆ. ಮಗುವಿನ ಒಳಗಿನ ಧ್ವನಿ ಯಾರ ಕಂಠದಲ್ಲಿ ಮಾತನಾಡುತ್ತದೆಂದು ಹಿರಿಯರು ಯೋಚಿಸಬೇಕು. ಹತ್ತು ವರ್ಷ ನಾವು ಹೊರಗಿನಿಂದ ಏನು ಹೇಳಿದೆವೋ ಅದನ್ನೇ ಅದು ಹನ್ನೊಂದನೆಯ ವರ್ಷದಿಂದ ಒಳಗಿನಿಂದ ತನಗೆ ತಾನೇ ಹೇಳಿಕೊಳ್ಳುತ್ತದೆ. ಹಿಂದೆ ಅಜ್ಜಿಯರು ಕುಟ್ಟುವಾಗ ಬೀಸುವಾಗ ಹಾಡುತ್ತಿದ್ದರು. ಆ ದಾಟಿಯನ್ನೇ ಹಿಡಿದು ಜಗನ್ನಾಥದಾಸರು ತ್ರಿಪದಿಗಳಲ್ಲಿ ತತ್ತ್ವಸುವ್ವಾಲಿಯನ್ನು ಹಾಡಿದರು. ಅರ್ಥ ತಿಳಿಯದ ವಯಸ್ಸಿನಲ್ಲೇ ಮಗುವಿನ ಕಿವಿಗೆ ಒಳ್ಳೆಯ ಮಾತಿನ ದಾಸ್ತಾನು ಸೇರುತ್ತಿತ್ತು. ಒರಳು ಹೋಗಿ ಮಿಕ್ಸಿ ಬಂದಿದೆ; ಅದರ ಸದ್ದಿನಲ್ಲಿ ಹಾಡು ಕೇಳಿಸದು ಎಂಬುದು ನಿಜವಾದರೂ, ಮಿಕ್ಸಿ ತಿರುಗುವುದು ಎರಡು ನಿಮಿಷ ಮಾತ್ರ.

ಈ ಬೋಧೆಗೆ ಒಂದು ಎಲ್ಲೆಯೂ ಇದೆ. ಮನಸ್ಸಿಗೇ ಕಾಯಿಲೆಯಾದಾಗ, ರಾತ್ರಿಗಳು ನಿದ್ದೆಯಿಲ್ಲದೆ ಕಳೆಯುತ್ತಿರುವಾಗ, ಬದುಕೇ ಬೇಡವೆನಿಸಿದಾಗ, ‘ಭಕ್ತಿ ಸಾಲದು, ಮನಸ್ಸು ಗಟ್ಟಿಮಾಡಿಕೊ’ ಎಂದು ಉಪದೇಶಿಸುವುದು ಕ್ರೌರ್ಯ. ನಮ್ಮ ಊರಿನಲ್ಲೇ ನಿಮ್ಹಾನ್ಸ್ ಆಸ್ಪತ್ರೆಯಿದೆ. ಅಲ್ಲಿಗೆ ಹೋಗುವುದರಲ್ಲಿ ಯಾವ ಅವಮಾನವೂ ಇಲ್ಲ. ಶ್ರೀನಿವಾಸಾಚಾರ್ಯರು ತಾವೊಬ್ಬರೇ ಗುಣ ಹೊಂದಲಿಲ್ಲ. ರಾಯರು ಸೂಚಿಸಿದರು, ವಿಜಯದಾಸರು ಕಳುಹಿಸಿದರು, ಗೋಪಾಲದಾಸರು ತಮ್ಮ ಆಯುಷ್ಯವನ್ನೇ ಕೊಟ್ಟರು. ಅವರು ತಾವಾಗಿ ಮಾಡಿದ್ದು ಗಾಡಿ ಕಟ್ಟಿಸಿ ಹೊರಟದ್ದು. ಅದನ್ನು ಮಾತ್ರ ಅವರ ಪರವಾಗಿ ಬೇರೆಯವರು ಮಾಡುವಂತಿರಲಿಲ್ಲ.

ಅಂಕಿತದ ವಿಚಾರವನ್ನು ಹೇಳಿ ಮುಗಿಸುತ್ತೇವೆ. ಲೋಕದಲ್ಲಿ ಕವಿ ತನ್ನ ಕೃತಿಯ ಕೊನೆಗೆ ತನ್ನ ಹೆಸರನ್ನು ಹಾಕುತ್ತಾನೆ. ದಾಸರು ಪದದ ಉದ್ದಕ್ಕೂ ತಮ್ಮ ಮನಸ್ಸಿನೊಡನೆ ಜಗಳವಾಡಿ, ಅದನ್ನು ಒಲಿಸಿ, ಕಡೆಯ ನುಡಿಗೆ ಬಂದಾಗ ಜಗನ್ನಾಥವಿಠಲ, ಪುರಂದರವಿಠಲ, ವಿಜಯವಿಠಲ ಎಂದು ಸ್ವಾಮಿಯ ಹೆಸರನ್ನು ಹಾಕಿಬಿಡುತ್ತಾರೆ. ಮನಸ್ಸು ಗೆದ್ದ ಮರುಕ್ಷಣವೇ ‘ಗೆದ್ದವನು ನಾನು’ ಎಂದು ಹೊಸ ಅಡ್ಡಿಯಾಗಿ ಎದ್ದು ನಿಲ್ಲುವುದನ್ನು ಅವರು ಬಲ್ಲವರು. ಶ್ರೀನಿವಾಸಾಚಾರ್ಯರನ್ನು ಮಾನವಿಯಲ್ಲಿ ತಡೆದದ್ದು ಆ ‘ನಾನು’ ಎಂಬುದೇ ಅಲ್ಲವೇ? ಸೋತಾಗಲೂ ಇದೇ ಅಂಕಿತ ಕೆಲಸಕ್ಕೆ ಬರುತ್ತದೆ. ಸಾಧನೆಯ ನಡುದಾರಿಯಲ್ಲಿ ಜಾರಿದವನ ಗತಿಯೇನೆಂದು ಅರ್ಜುನ ಕೇಳಿದಾಗ, ಒಳ್ಳೆಯದನ್ನು ಮಾಡಹೊರಟವನು ಎಲ್ಲಿಯೂ ಹಾಳಾಗುವುದಿಲ್ಲವೆಂದು ಭಗವಂತ ಅಭಯ ಕೊಟ್ಟಿದ್ದಾನಷ್ಟೆ. ಮನಸ್ಸಿಗೆ ಹೇಳಿದ ಮಾತಿನ ಕೊನೆಗೆ ನಮ್ಮ ಬಿಂಬನ ಹೆಸರು ಸೇರಿಸುವುದಕ್ಕೆ ನಾವು ದಾಸರಷ್ಟು ದೊಡ್ಡವರಾಗಬೇಕಾಗಿಲ್ಲ.

ನವಮಿಯಂದು ಬೆಳಿಗ್ಗೆ ಪಂಚಾಮೃತಾಭಿಷೇಕ, ಅನಂತರ ಹರಿಕಥಾಮೃತಸಾರದ ಪಾರಾಯಣ, ಭಜನೆ ನಡೆಯುತ್ತವೆ. ಮಾತೆಯರು ತತ್ತ್ವಸುವ್ವಾಲಿಯನ್ನು ಹಾಡುವರು. ಎಲೆ ಹಾಕುವ ಮೊದಲು ಭೋಜನರಸವಿಭಾಗ ಸಂಧಿಯನ್ನು ಪೂರ್ತಿಯಾಗಿ ಪಠಿಸುವ ಪದ್ಧತಿಯಿರುವುದರಿಂದ ತೀರ್ಥಪ್ರಸಾದಕ್ಕೆ ಸ್ವಲ್ಪ ಹೊತ್ತು ಮೀರಬಹುದು. ಬಂಧುಗಳು ದಯಮಾಡಿ ಅಂದು ಯಾರೂ ಹೊಟ್ಟೆನೋವೆಂದು ಹೇಳಿ ಕಳುಹಿಸದೆ, ಮಕ್ಕಳನ್ನೂ ಕರೆದುಕೊಂಡು ಬಂದು, ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಬೇಕೆಂದು ಕೋರುತ್ತೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥